ಕಾರಾ ಸಮುದ್ರದ ಅಡಿಯ ಅದುರು: ಬಾಂಬಾ, ಭೂಕಂಪವಾ?

1997ರ ಆಗಸ್ಟ್ 16, ಶನಿವಾರ. ನಮ್ಮಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವ ಮುಗಿದ ಮರುದಿನ. ಬೆಳಿಗ್ಗೆ 7 ಗಂಟೆ 41 ನಿಮಿಷಕ್ಕೆ, ಗ್ರೀನಿಚ್ ಲೆಕ್ಕದಲ್ಲಿ ನಡುರಾತ್ರಿ ಕಳೆದು 2 ಗಂಟೆ 11 ನಿಮಿಷಕ್ಕೆ, ರಷ್ಯಾದ ಉತ್ತರ ತುದಿಯ ನೊವಾಯಾ ಝೆಮ್ಲ್ಯಾ ದ್ವೀಪಗಳ ಹತ್ತಿರ ನೆಲ ಒಮ್ಮೆ ಅದುರಿತು. ತೀವ್ರತೆ ಸುಮಾರು 3.5. ಯಾರ ಮನೆಯ ಪಾತ್ರೆಯೂ ಅಲುಗಲಿಲ್ಲ. ಅಲ್ಲಿ ಮನೆಗಳೇ ಇಲ್ಲದಷ್ಟು ಕಡಿಮೆ. ಇಷ್ಟು ದೊಡ್ಡ ಕಂಪನ ಜಗತ್ತಿನಲ್ಲಿ ದಿನವೂ ಎಷ್ಟೋ ಆಗುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇದಕ್ಕೆ ಮಾತ್ರ ಎಲ್ಲರೂ ತಲೆ ಕೆಡಿಸಿಕೊಂಡರು. ಕಾರಣ ಜಾಗ. ನೊವಾಯಾ ಝೆಮ್ಲ್ಯಾ ಅಂದರೆ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದ ಜಾಗ. 1961ರ ಅಕ್ಟೋಬರ್ 30ರಂದು 50 ಮೆಗಾಟನ್‌ನ ದೈತ್ಯ ಬಾಂಬನ್ನು ಆಕಾಶದಲ್ಲಿ ಸಿಡಿಸಿದ್ದು ಅಲ್ಲೇ. ಸೋವಿಯತ್ ಒಕ್ಕೂಟದ ಕಟ್ಟಕಡೆಯ ಅಣು ಪರೀಕ್ಷೆ, 1990ರ ಅಕ್ಟೋಬರ್ 24ರದ್ದು, ನೆಲದಡಿ ನಡೆದದ್ದೂ ಅಲ್ಲೇ. 1996ರ ಸೆಪ್ಟೆಂಬರ್‌ನಲ್ಲಿ ರಷ್ಯಾ, ಅಮೆರಿಕ ಎರಡೂ ಸಮಗ್ರ ಅಣು ಪರೀಕ್ಷೆ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದ್ದವು. ಸಹಿಯ ಮಸಿ ಆರಿ ಇನ್ನೂ ಒಂದು ವರ್ಷ ಆಗಿರಲಿಲ್ಲ.

ಅದೇ ಆಗಸ್ಟ್‌ನಲ್ಲಿ ಪರೀಕ್ಷಾ ಕೇಂದ್ರದಲ್ಲಿ ಏನೋ ಲಾರಿಗಳ ಓಡಾಟ ನಡೆದಿದೆ ಅಂತ ಅಮೆರಿಕದ ಗುಪ್ತಚರರಿಗೆ ಮೊದಲೇ ಗೊತ್ತಿತ್ತು. ಅದರ ಮೇಲೆ ಈ ಕಂಪನ. ಎರಡನ್ನೂ ಕೂಡಿಸಿದರು. ತಿಂಗಳ ಕೊನೆಗೆ ವಾಷಿಂಗ್ಟನ್‌ನ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: ರಷ್ಯಾ ಗುಟ್ಟಾಗಿ ಅಣು ಪರೀಕ್ಷೆ ಮಾಡಿರಬಹುದು ಅಂತ. ಅಮೆರಿಕ ವಿವರಣೆ ಕೇಳಿತು. ರಷ್ಯಾ ಇದು ಸಮುದ್ರದಡಿಯ ಭೂಕಂಪ ಅಂದಿತು. ನಂಬಬೇಕಾ, ಬೇಡವಾ?

ಇಬ್ಬರ ಮಾತೂ ಪಕ್ಕಕ್ಕಿಟ್ಟು ಬರೀ ಅಲೆಯ ದಾಖಲೆ ನೋಡಿದರೆ ಏನು ಕಾಣುತ್ತದೆ? ಈ ಪ್ರಕರಣ ನನಗೆ ಇಷ್ಟವಾಗುವುದು ಅದಕ್ಕೇ.

ಮೊದಲು ಸಿಡಿತಕ್ಕೂ ಕಂಪಕ್ಕೂ ಇರುವ ವ್ಯತ್ಯಾಸ

ಮನುಷ್ಯನ ಮೈಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲು ಕ್ವಾರಿಯಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಆಗ ಸುತ್ತಲಿನ ಊರುಗಳ ಜನ ಭೂಕಂಪ ಅಂದುಕೊಂಡೇ ಮನೆಯಿಂದ ಹೊರಗೆ ಓಡಿ ಬಂದರು. ಕಿಟಕಿ ಗಡಗಡ ಅಂದಾಗ ಯಾರು ತಾನೇ ಪಿ ಅಲೆ, ಎಸ್ ಅಲೆ ಲೆಕ್ಕ ಹಾಕುತ್ತಾರೆ?

ಉಪಕರಣಕ್ಕೆ ಮಾತ್ರ ಅದು ತಿಳಿಯುತ್ತದೆ. ನೆಲದಡಿ ಬಾಂಬ್ ಸಿಡಿದರೆ ಸುತ್ತಲಿನ ಕಲ್ಲನ್ನು ಎಲ್ಲ ದಿಕ್ಕಿಗೂ ಒಂದೇ ಸಮ ಹೊರಗೆ ತಳ್ಳುತ್ತದೆ. ಬಲೂನು ಗಪ್ಪಂತ ಉಬ್ಬಿದ ಹಾಗೆ. ಹೀಗೆ ತಳ್ಳಿದಾಗ ಹುಟ್ಟುವುದು ಮುಖ್ಯವಾಗಿ ಪಿ ಅಲೆ. ಕಲ್ಲನ್ನು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಮುಂದೆ ಹೋಗುವ ಅಲೆ ಅದು. ಎಲ್ಲಕ್ಕಿಂತ ಬೇಗ ತಲುಪುವುದೂ ಅದೇ.

ಭೂಕಂಪದ ರೀತಿ ಬೇರೆ. ಭಾರದ ಬೀರುವನ್ನು ನೆಲದ ಮೇಲೆ ಎಳೆದಿದ್ದೀರಾ? ತುಂಬ ಹೊತ್ತು ಅಲುಗುವುದೇ ಇಲ್ಲ. ಆಮೇಲೆ ಒಮ್ಮೆಲೇ ಜರ್ರಂತ ಸರಿಯುತ್ತದೆ. ಬಿರುಕಿನ ಎರಡು ಬದಿಯ ಬಂಡೆಗಳೂ ಹೀಗೇ ಒಂದನ್ನೊಂದು ಉಜ್ಜಿಕೊಂಡು ಸರಿಯುತ್ತವೆ. ಉಜ್ಜಾಟದಲ್ಲಿ ಪಿ ಅಲೆಯೂ ಹುಟ್ಟುತ್ತದೆ, ಆದರೆ ಹೆಚ್ಚಿನ ಶಕ್ತಿ ಹೋಗುವುದು ಎಸ್ ಅಲೆಗೆ. ಇದು ನೆಲವನ್ನು ಅಡ್ಡಡ್ಡ ಅಲ್ಲಾಡಿಸುವ ಅಲೆ. ನಿಧಾನಕ್ಕೆ ಬರುತ್ತದೆ, ಪಿ ಆದ ಮೇಲೆ.

ಹಾಗಾಗಿ ಪಿ ದೊಡ್ಡದು, ಎಸ್ ಚಿಕ್ಕದು ಅಂದರೆ ಸಿಡಿತದ ಅನುಮಾನ. ಪಿ ಚಿಕ್ಕದು, ಎಸ್ ದೊಡ್ಡದು ಅಂದರೆ ಭೂಕಂಪ. ಶಾಲೆಯ ಹುಡುಗರಿಗೆ ಹೇಳಿಕೊಡುವಷ್ಟು ಸುಲಭ, ಅಲ್ವಾ? ಇಷ್ಟೇ ಆಗಿದ್ದರೆ ಎರಡೂವರೆ ತಿಂಗಳ ಜಗಳ ಬೇಕಿರಲಿಲ್ಲ.

ಇನ್ನೂ ಎರಡು ಪರೀಕ್ಷೆಗಳಿವೆ. ಒಂದು ಆಳ. ಹತ್ತಾರು ಕಿಲೋಮೀಟರ್ ಆಳದಲ್ಲಿ ಹುಟ್ಟಿದ ಕಂಪನ ಬಾಂಬ್ ಆಗಿರಲು ಸಾಧ್ಯವಿಲ್ಲ. ಮನುಷ್ಯ ಕೊರೆದ ಅತಿ ಆಳದ ತೂತು, ರಷ್ಯಾದ ಕೋಲಾ ಪ್ರದೇಶದ್ದು, 12 ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ ಅಷ್ಟೆ. ಇನ್ನೊಂದು ಮೇಲ್ಮೈ ಅಲೆ. ಭೂಕಂಪ ಮೇಲ್ಮೈಯಲ್ಲಿ ಉದ್ದುದ್ದ ಅಲೆಗಳನ್ನು ಚೆನ್ನಾಗಿ ಎಬ್ಬಿಸುತ್ತದೆ, ಅಷ್ಟೇ ತೀವ್ರತೆಯ ಬಾಂಬ್ ಎಬ್ಬಿಸುವುದಿಲ್ಲ. ಶೀತಲ ಸಮರದ ಕಾಲದ ದೊಡ್ಡ ಪರೀಕ್ಷೆಗಳನ್ನು ಹಿಡಿದದ್ದು ಹೆಚ್ಚಾಗಿ ಈ ಎರಡನೇ ವಿಧಾನದಲ್ಲೇ. ಆದರೆ 3.5ರ ಕಂಪನದ ಮೇಲ್ಮೈ ಅಲೆ ಸಾವಿರ ಕಿಲೋಮೀಟರ್ ದಾಟುವಷ್ಟರಲ್ಲಿ ಸಮುದ್ರದ ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಆಳ ಹೇಳಬೇಕಾದರೆ ತೀರಾ ಹತ್ತಿರ ಉಪಕರಣ ಬೇಕು. ಆರ್ಕ್ಟಿಕ್ ಸಮುದ್ರದಲ್ಲಿ ಯಾರು ಇಟ್ಟಿರುತ್ತಾರೆ? ಹೀಗಾಗಿ ಎರಡು ಒಳ್ಳೆಯ ಪರೀಕ್ಷೆಗಳು ಈ ಪ್ರಕರಣದಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೈಯಲ್ಲಿ ಉಳಿದದ್ದು ಎರಡೇ: ಜಾಗ ಎಲ್ಲಿ, ಮತ್ತು ಪಿ-ಎಸ್ ಅನುಪಾತ ಎಷ್ಟು.

ಎಂಟು ಸೆಕೆಂಡು

ಮೊದಲು ಜಾಗ. ನನ್ನ ಪ್ರಕಾರ ಇಡೀ ಪ್ರಕರಣ ಅರ್ಧಕ್ಕಿಂತ ಜಾಸ್ತಿ ಬಗೆಹರಿದದ್ದು ಇಲ್ಲೇ. ಪಿ-ಎಸ್ ಅನುಪಾತದ ಮೇಲೆ ಬಂದ ಬರಹಗಳೇ ಹೆಚ್ಚು, ಜಾಗದ ಬಗ್ಗೆ ಯಾಕೋ ಮಾತು ಕಡಿಮೆ.

ಫಿನ್ಲೆಂಡ್‌ನ ಉತ್ತರದಲ್ಲಿ ಕೆವೋ ಅಂತ ಭೂಕಂಪ ಅಳೆಯುವ ಒಂದು ಕೇಂದ್ರ ಇದೆ. ಅಲ್ಲಿಂದ ನೊವಾಯಾ ಝೆಮ್ಲ್ಯಾದ ಪರೀಕ್ಷಾ ಕೇಂದ್ರಕ್ಕೆ ಸುಮಾರು 1,030 ಕಿಲೋಮೀಟರ್. ಅಲೆಗಳನ್ನು ಲೆಕ್ಕ ಹಾಕಿದಾಗ ಸಿಕ್ಕ ಜಾಗ ಆ ಪರೀಕ್ಷಾ ಕೇಂದ್ರದಿಂದ ಆಗ್ನೇಯಕ್ಕೆ ಸುಮಾರು 130 ಕಿಲೋಮೀಟರ್ ಆಚೆ, ಕಾರಾ ಸಮುದ್ರದೊಳಗೆ. 130 ಕಿಲೋಮೀಟರ್ ಅಂದರೆ ಬೆಂಗಳೂರಿನಿಂದ ಮೈಸೂರಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದಷ್ಟು. ಕೆವೋದಿಂದ ಈ ಹೊಸ ಜಾಗಕ್ಕೆ ಸುಮಾರು 1,120 ಕಿಲೋಮೀಟರ್.

ಈಗ ಒಂದು ಕಾಗದ ಪೆನ್ಸಿಲ್ ತಗೊಳ್ಳಿ. ಇಷ್ಟು ದೂರಕ್ಕೆ ಪಿ ಅಲೆ ಸೆಕೆಂಡಿಗೆ ಹತ್ತಿರ ಹತ್ತಿರ 8 ಕಿಲೋಮೀಟರ್ ಓಡುತ್ತದೆ, ಎಸ್ ಅಲೆ ಸುಮಾರು 4.6. ಕಾರಾ ಸಮುದ್ರದಿಂದ ಕೆವೋಗೆ ಪಿ ಬರಲು ಎರಡೂಕಾಲು ನಿಮಿಷಕ್ಕೆ ಸ್ವಲ್ಪ ಮೇಲೆ. ಎಸ್ ಬರಲು ನಾಲ್ಕು ನಿಮಿಷ ದಾಟುತ್ತದೆ. ನಡುವಿನ ಅಂತರ ಸುಮಾರು 103 ಸೆಕೆಂಡು. ಅದೇ ಪರೀಕ್ಷಾ ಕೇಂದ್ರದಲ್ಲಿ ಸಿಡಿದಿದ್ದರೆ ದೂರ 90 ಕಿಲೋಮೀಟರ್ ಕಡಿಮೆ, ಅಂತರ 95 ಸೆಕೆಂಡು. ವ್ಯತ್ಯಾಸ ಎಂಟು ಸೆಕೆಂಡು. ಇದು ನಾನು ಮೋಟಾಗಿ ಹಾಕಿದ ಲೆಕ್ಕ. ನಿಜವಾದ ಕೆಲಸದಲ್ಲಿ ಆ ದಾರಿಯ ಕಲ್ಲಿನ ವೇಗ ಇನ್ನೂ ಸೂಕ್ಷ್ಮವಾಗಿ ಹಿಡಿಯುತ್ತಾರೆ, ಹಲವು ಕೇಂದ್ರಗಳನ್ನು ಒಟ್ಟಿಗೆ ನೋಡುತ್ತಾರೆ. ಆದರೂ ಎಂಟು ಸೆಕೆಂಡು ಅನ್ನುವುದು ಕಣ್ತಪ್ಪಿ ಹೋಗುವಂಥದ್ದಲ್ಲ. ಅಲೆ ಶುರುವಾದ ಗಳಿಗೆಯನ್ನು ಸೆಕೆಂಡಿನ ಭಾಗಗಳಲ್ಲಿ ಗುರುತು ಹಾಕುವವರ ಪಾಲಿಗೆ ಎಂಟು ಸೆಕೆಂಡು ಅಂದರೆ ಹೊತ್ತು ಕಳೆದ ಹಾಗೆ.

ಅಂದಮೇಲೆ ಪರೀಕ್ಷಾ ಕೇಂದ್ರದಲ್ಲಿ ಓಡಾಡಿದ ಲಾರಿಗೂ ಈ ಕಂಪನಕ್ಕೂ ಸಂಬಂಧ ಕಡಿಯಿತು. ಸಮುದ್ರದ ತಳದಲ್ಲಿ ಗುಟ್ಟಾಗಿ ತೂತು ಕೊರೆದು ಬಾಂಬ್ ಇಟ್ಟರು ಅಂತ ವಾದ ಮಾಡಬಹುದು. ಆದರೆ ಆಗ ಲಾರಿಯ ಸಾಕ್ಷಿ ಬಿಡಬೇಕಾಗುತ್ತದೆ. ಲಾರಿಯನ್ನೂ ಇಟ್ಟುಕೊಂಡು ಸಮುದ್ರವನ್ನೂ ಇಟ್ಟುಕೊಳ್ಳಲು ಬರುವುದಿಲ್ಲ.

ಸಾವಿರ ಕಿಲೋಮೀಟರ್ ಆಚೆಯ ಇಷ್ಟು ಸಣ್ಣ ಅದುರನ್ನು ಗದ್ದಲದಿಂದ ಹೆಕ್ಕುವುದು ಹೇಗೆ ಅನ್ನಬಹುದು. ಅದಕ್ಕೆ ಉಪಕರಣಗಳ ಗುಂಪು ಬೇಕು, ಒಂದು ಸಾಲದು. ನಮ್ಮ ಗೌರಿಬಿದನೂರಿನಲ್ಲೇ ಇಂಥದ್ದೊಂದು ಇದೆ, 1965ರಿಂದ. ಬ್ರಿಟನ್‌ನ ಅಣುಶಕ್ತಿ ಸಂಸ್ಥೆಯ ಜೊತೆ ಸೇರಿ ನಮ್ಮ ಅಣುಶಕ್ತಿ ಇಲಾಖೆ ಕಟ್ಟಿದ್ದು. ಹೊಲ, ಬಂಡೆಗಳ ನಡುವೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ 20 ಉಪಕರಣ, ಒಂದೊಂದು ಕೈಯಲ್ಲಿ ಹತ್ತು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇದರ ಅಕ್ಕತಂಗಿಯರಿದ್ದಾರೆ. ಅಲೆ ಒಂದು ದಿಕ್ಕಿನಿಂದ ಬಂದಾಗ ಒಂದೊಂದು ಉಪಕರಣಕ್ಕೂ ಚೂರುಚೂರು ಹಿಂದೆ ಮುಂದೆ ತಾಗುತ್ತದೆ. ಆ ಹಿಂದೆ ಮುಂದೆಯನ್ನು ಸರಿಹೊಂದಿಸಿ ಎಲ್ಲವನ್ನೂ ಕೂಡಿಸಿದರೆ ಅಲೆ ಬಲವಾಗುತ್ತದೆ. ಗಾಳಿ, ಬಸ್ಸು, ದನ ಓಡಾಡಿದ ಗದ್ದಲ ಒಂದಕ್ಕೊಂದು ಹೊಂದದೆ ಸವೆದು ಹೋಗುತ್ತದೆ. 20 ಉಪಕರಣ ಇದ್ದರೆ ಗದ್ದಲದ ಎದುರು ಅಲೆ ನಾಲ್ಕೂವರೆ ಪಟ್ಟು ಎದ್ದು ಕಾಣುತ್ತದೆ. ನಾರ್ವೆಯವರ ಬಳಿ ಇದೇ ತತ್ವದ ಹೊಸ, ಚಿಕ್ಕ ಗುಂಪುಗಳಿದ್ದವು. ದಕ್ಷಿಣ ನಾರ್ವೆಯಲ್ಲಿ 25 ಉಪಕರಣದ್ದೊಂದು, ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ ಇನ್ನೊಂದು. ಈ ಪ್ರಕರಣದಲ್ಲಿ ಸ್ಪಿಟ್ಸ್‌ಬರ್ಗನ್‌ನದು ದೊಡ್ಡ ಕೆಲಸ ಮಾಡಿತು. ಅದು ಮುಂದೆ.

ಕೆವೋದ ಎರಡು ಗೀಟು

ಪಿ-ಎಸ್ ಅನುಪಾತದ ವಿಷಯದಲ್ಲಿ ಒಂದು ತೊಡಕಿದೆ. ಎಸ್ ಚಿಕ್ಕದಾಗಿ ಕಂಡರೆ ಅದು ಹುಟ್ಟಿದ್ದೇ ಚಿಕ್ಕದಾ, ದಾರಿಯಲ್ಲಿ ಸವೆದು ಚಿಕ್ಕದಾಯಿತಾ? ಬ್ಯಾರೆಂಟ್ಸ್ ಸಮುದ್ರದ ತಳದಲ್ಲಿ ಕೆಸರುಗಲ್ಲಿನ ದಪ್ಪ ಪದರ ಇದೆ. ಕೆಲವು ಬಗೆಯ ಅಡ್ಡ ಅಲೆಗಳನ್ನು ಅದು ನುಂಗಿಬಿಡುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಕಲಿತ ಅನುಪಾತ ತಂದು ಇಲ್ಲಿ ಹಚ್ಚಿದರೆ ಮೋಸ ಹೋಗುತ್ತೇವೆ. ಬೇಕಾದದ್ದು ಅದೇ ದಾರಿಯಲ್ಲಿ ಬಂದ, ಅದೇ ಉಪಕರಣದಲ್ಲಿ ದಾಖಲಾದ, ಬಾಂಬ್ ಅಂತ ಖಚಿತವಾಗಿ ಗೊತ್ತಿರುವ ಇನ್ನೊಂದು ಅಲೆ.

ಅದು ಕೆವೋದ ಹಳೆಯ ದಾಖಲೆಯಲ್ಲೇ ಇತ್ತು. 1990ರ ಅಕ್ಟೋಬರ್ 24ರ ಆ ಕೊನೆಯ ಪರೀಕ್ಷೆ.

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಮಾಂಟ್-ಡೊಹರ್ಟಿ ಸಂಶೋಧನಾ ಕೇಂದ್ರದ ಪಾಲ್ ರಿಚರ್ಡ್ಸ್ ಮತ್ತು ವಾನ್-ಯಂಗ್ ಕಿಮ್ 1990ರ ಮತ್ತು 1997ರ ಗೀಟುಗಳನ್ನು, ಅಂದರೆ ಉಪಕರಣ ಬರೆದ ಅಲೆಯ ಗೆರೆಗಳನ್ನು, ಒಂದರ ಕೆಳಗೊಂದು ಇಟ್ಟು ಹೋಲಿಸಿ ನೋಡಿದರು. ಮೇಲಿನ ಗೀಟು 1990ರ ಬಾಂಬ್. ಪಿ ಬಂದ ಕೂಡಲೇ ಸೂಜಿ ಜೋರಾಗಿ ಎದ್ದಿದೆ, ಆಮೇಲೆ ಬಾಲ ಸಣ್ಣಗಾಗುತ್ತಾ ಹೋಗಿದೆ. ಎಸ್ ಬರಬೇಕಾದ ಜಾಗದಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ. ಕೆಳಗಿನದು 1997ರದ್ದು. ಪಿ ಸಾಧಾರಣ. ಒಂದೂಮುಕ್ಕಾಲು ನಿಮಿಷ ಆದ ಮೇಲೆ ಎಸ್ ಎದ್ದು ನಿಂತಿದೆ, ಪಿಗಿಂತ ಎತ್ತರಕ್ಕೆ. ಗಣಿತ ಗೊತ್ತಿಲ್ಲದವರಿಗೂ ಇವೆರಡು ಒಂದೇ ಜಾತಿಯವಲ್ಲ ಅಂತ ಕಾಣುತ್ತದೆ. 1997ರ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಇದನ್ನು ಬರೆದರು: ಇದು ಭೂಕಂಪ.

ಆಕ್ಷೇಪಣೆಗೆ ಜಾಗ ಇಲ್ಲವೇ? ಇದೆ. 1990ರದ್ದು ತೀವ್ರತೆ 5.7, ಇದು 3.5. ಅಲೆಯ ಎತ್ತರದಲ್ಲಿ ನೂರೈವತ್ತು ಪಟ್ಟಿಗೂ ಮೇಲೆ ವ್ಯತ್ಯಾಸ. ದೊಡ್ಡ ಬಾಂಬಿನ ದನಿ ದಪ್ಪ, ಚಿಕ್ಕದರ ದನಿ ತೆಳ್ಳಗೆ. ನಗಾರಿಗೂ ತಬಲಕ್ಕೂ ಇರುವ ಹಾಗೆ. ಹಾಗಾಗಿ ಗೀಟನ್ನು ಹಾಗೇ ನೋಡಿದರೆ ಸಾಲದು. ಬೇರೆ ಬೇರೆ ಕಂಪನ ಸಂಖ್ಯೆಗೆ ಫಿಲ್ಟರ್ ಹಾಕಿ, ಒಂದೊಂದು ಪಟ್ಟಿಯಲ್ಲೂ ಪಿ ಎಷ್ಟು, ಎಸ್ ಎಷ್ಟು ಅಂತ ಅಳೆಯಬೇಕು. ಸೆಕೆಂಡಿಗೆ ಐದಾರು ಕಂಪನಕ್ಕಿಂತ ಮೇಲಿನ ಪಟ್ಟಿಯಲ್ಲಿ ಈ ಪರೀಕ್ಷೆ ಹೆಚ್ಚು ನಂಬಿಕೆಗೆ ಯೋಗ್ಯ. ದುರದೃಷ್ಟಕ್ಕೆ ಚಿಕ್ಕ ಅದುರಿನಲ್ಲಿ ಗದ್ದಲ ಅಲೆಯನ್ನು ಮೊದಲು ಮುಚ್ಚುವುದೂ ಅಲ್ಲೇ. ಜೊತೆಗೆ ಭೂಕಂಪದ ಬಿರುಕು ಯಾವ ಕಡೆಗೆ ವಾಲಿದೆ ಅನ್ನುವುದರ ಮೇಲೆ ಒಂದು ದಿಕ್ಕಿಗೆ ಪಿ ಜಾಸ್ತಿ, ಇನ್ನೊಂದು ದಿಕ್ಕಿಗೆ ಎಸ್ ಜಾಸ್ತಿ ಹೋಗುತ್ತದೆ. ಒಂದೇ ಕೇಂದ್ರವನ್ನು ನಂಬಿ ಕೂತರೆ ಎಡವಬಹುದು. ಸ್ಪಿಟ್ಸ್‌ಬರ್ಗನ್‌ನ ಇನ್ನೊಂದು ಕೇಂದ್ರದ ದಾಖಲೆಯನ್ನೂ ಮುಂದೆ ಬೇರೆಯವರು ಇದೇ ರೀತಿ ಅಳೆದು ನೋಡಿದರು.

ಎಲ್ಲ ಅನುಕೂಲವೂ ಕೂಡಿಬಂದರೆ ಈ ಹೋಲಿಕೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಒಂಬತ್ತು ತಿಂಗಳಲ್ಲೇ ಗೊತ್ತಾಯಿತು. 1998ರ ಮೇ 11ರಂದು ನಮ್ಮವರು ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿದರು. ಪಾಕಿಸ್ತಾನದ ನೀಲೋರ್ ಕೇಂದ್ರ ಅಲ್ಲಿಂದ ಏಳುನೂರು ಚಿಲ್ಲರೆ ಕಿಲೋಮೀಟರ್. ಆ ಕೇಂದ್ರದ ಗೀಟನ್ನು 1995ರಲ್ಲಿ ಆ ಕಡೆ ಆದ ಒಂದು ಭೂಕಂಪದ ಗೀಟಿನ ಜೊತೆ ಇಟ್ಟ ಚಿತ್ರ ಆಮೇಲೆ ಪಾಠದ ಚಿತ್ರವೇ ಆಗಿಹೋಯಿತು. ತೀವ್ರತೆಯೂ ಹತ್ತಿರ ಹತ್ತಿರ ಒಂದೇ. ಅಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ಪರೀಕ್ಷೆ ಮಾಡಿದವರೇ ಮಾಡಿದ್ದೇವೆ ಅಂತ ಹೇಳಿದ್ದರು. ಆದರೆ ಎರಡು ದಿನ ಬಿಟ್ಟು, ಮೇ 13ರಂದು ಮಾಡಿದ ಚಿಕ್ಕ ಪರೀಕ್ಷೆಗಳು ಹೊರಗಿನ ಯಾವ ಕೇಂದ್ರಕ್ಕೂ ಕಾಣಲಿಲ್ಲ.

ನಾಲ್ಕು ಗಂಟೆ ಬಿಟ್ಟು ಇನ್ನೊಂದು

ಆಗಸ್ಟ್ 16ರ ದಾಖಲೆಯನ್ನೇ ಮತ್ತೆ ಜಾಲಾಡಿದಾಗ ನಾರ್ವೆಯವರಿಗೆ ಇನ್ನೊಂದು ಅದುರು ಸಿಕ್ಕಿತು. ಮೊದಲನೆಯದು ಆಗಿ ಸುಮಾರು ನಾಲ್ಕು ಗಂಟೆ ಕಳೆದ ಮೇಲೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಇನ್ನೂ ಚಿಕ್ಕದು. ಸ್ಪಿಟ್ಸ್‌ಬರ್ಗನ್‌ನ ಗುಂಪು ಇಲ್ಲದಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಆಮೇಲೆ ರಷ್ಯಾದ ಕರಾವಳಿಯ ಅಮ್ಡೆರ್ಮಾ ಕೇಂದ್ರದ ದಾಖಲೆಯಲ್ಲೂ ಎರಡೂ ಕಂಡವು.

ನನ್ನನ್ನು ಕೇಳಿದರೆ ಕಥೆಯ ಒಳ್ಳೆಯ ತಿರುವು ಇದು. ಭೂಕಂಪ ಆದ ಮೇಲೆ ಮರಿಕಂಪನ ಬರುವುದು ಮಾಮೂಲು. ಬಾಂಬ್ ಸಿಡಿದ ಮೇಲೂ ಒಳಗಿನ ಪೊಳ್ಳು ಕುಸಿದು ಸಣ್ಣ ಅದುರು ಬರುತ್ತದೆ, ಆದರೆ ಅವು ಸಾಮಾನ್ಯವಾಗಿ ತೀರಾ ಚಿಕ್ಕವು. 3.5ರದ್ದೊಂದು ಬಾಂಬ್ ಆಗಿದ್ದು, ಅದರ ಕುಸಿತ ಸಾವಿರ ಕಿಲೋಮೀಟರ್ ಆಚೆಗೆ ಕಾಣುವಷ್ಟು ದೊಡ್ಡದಾಗಿ ಬರುವುದು ಕಷ್ಟ. ಪಿ-ಎಸ್ ಅನುಪಾತದ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಬಹುದು. ಎರಡನೇ ಅದುರನ್ನು ಬಾಂಬಿನ ಕಥೆಯೊಳಗೆ ತುರುಕುವುದು ಮಾತ್ರ ಸುಲಭ ಅಲ್ಲ.

ಲೆಕ್ಕಕ್ಕೆ ಹೇಳುತ್ತೇನೆ: ಗಟ್ಟಿ ಕಲ್ಲಿನಲ್ಲಿ 3.5 ತೀವ್ರತೆಗೆ ಬೇಕಾಗುವುದು 100 ಟನ್ ಟಿಎನ್‌ಟಿ ಅಥವಾ ಅದಕ್ಕಿಂತ ಕಡಿಮೆ. ಹಿರೋಷಿಮಾದ್ದು ಸುಮಾರು 15,000 ಟನ್. ಅಂದರೆ ಇಷ್ಟು ಚಿಕ್ಕದನ್ನು ಇಷ್ಟು ಹೊತ್ತು ಚರ್ಚೆ ಮಾಡಲು ಸಾಧ್ಯವಾಯಿತು ಅನ್ನುವುದೇ ಉಪಕರಣಗಳಿಗೆ ಸಿಕ್ಕ ಸರ್ಟಿಫಿಕೇಟ್. ಒಪ್ಪಂದ ಬೇಡ ಅಂದವರು ಇದೇ ಪ್ರಕರಣ ತೋರಿಸಿ, ನೋಡಿ, ಇವರಿಗೆ ಪತ್ತೆ ಹಚ್ಚಲು ಬರುವುದಿಲ್ಲ ಅಂದರು. ನನಗೆ ಅದು ತಲೆಕೆಳಗಾದ ಮಾತು ಅನ್ನಿಸುತ್ತದೆ. ಉಪಕರಣ ಪತ್ತೆ ಹಚ್ಚಿತ್ತು. ಅವಸರ ಮಾಡಿದ್ದು ಅದನ್ನು ಓದಿದವರು.

ತೀರ್ಪು, ಅರ್ಧದಷ್ಟು

ಸಿಐಎ ಹೊರಗಿನ ತಜ್ಞರ ಸಮಿತಿ ಕೂರಿಸಿತು. ನವೆಂಬರ್ ಮೊದಲ ವಾರ ಅದರ ಅಭಿಪ್ರಾಯ ಹೊರಬಂತು. ಕಂಪನ ಆದದ್ದು ಕಾರಾ ಸಮುದ್ರದಲ್ಲಿ. ನೊವಾಯಾ ಝೆಮ್ಲ್ಯಾದಲ್ಲಿ ನಡೆದಿದ್ದ ಓಡಾಟಕ್ಕೂ ಅದಕ್ಕೂ ಬಹುತೇಕ ಖಚಿತವಾಗಿ ಸಂಬಂಧ ಇಲ್ಲ, ಅದು ಅಣು ಸ್ಫೋಟವೂ ಅಲ್ಲ. ಆದರೆ ಬರೀ ಅಲೆ ನೋಡಿ ಅದು ಭೂಕಂಪವೋ, ಬೇರೆ ಯಾವುದೋ ಸ್ಫೋಟವೋ ಅಂತ ನೂರಕ್ಕೆ ನೂರು ಹೇಳಲಾಗುವುದಿಲ್ಲ ಅಂತಲೂ ಹೇಳಿತು.

ಪತ್ರಿಕೆಗಳಿಗೆ ಇದು ಜಾರಿಕೊಳ್ಳುವ ಮಾತಾಗಿ ಕಂಡಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಎರಡು ಪ್ರಶ್ನೆಗಳಿದ್ದವು. ಪರೀಕ್ಷಾ ಕೇಂದ್ರದಲ್ಲಿ ಅಣುಬಾಂಬ್ ಸಿಡಿಯಿತಾ ಅನ್ನುವುದು ಒಂದು. ಇದು ಭೂಕಂಪವಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಜಾಗವೇ ಉತ್ತರ ಕೊಟ್ಟಿತು, ಎಂಟು ಸೆಕೆಂಡಿನಲ್ಲಿ. ಎರಡನೆಯದಕ್ಕೆ ಅಲೆಯ ಆಕಾರ ನೋಡಬೇಕು. ಅಲ್ಲಿ ಸಾಕ್ಷಿ ಭೂಕಂಪದ ಕಡೆ ಬಲವಾಗಿ ವಾಲಿದೆ, ಪೂರ್ತಿ ಮುಗಿದಿಲ್ಲ. ಐದು ವರ್ಷ ಆದ ಮೇಲೂ ತಜ್ಞರು ಇದರ ಬಗ್ಗೆ ಪ್ರಬಂಧ ಬರೆಯುತ್ತಿದ್ದರು.

ಇನ್ನು ಆ ಓಡಾಟ ಏನು ಅನ್ನುವಿರಾ? ಸರಪಳಿ ಕ್ರಿಯೆ ಶುರುವಾಗದಷ್ಟು ಸಣ್ಣ ಪ್ರಯೋಗಗಳನ್ನು ರಷ್ಯಾ ಅಲ್ಲಿ ಮಾಡುತ್ತಿತ್ತು. ಒಪ್ಪಂದ ಅದನ್ನು ತಡೆಯುವುದಿಲ್ಲ. ಅಮೆರಿಕ ಕೂಡ ಅದೇ ವರ್ಷ ಜುಲೈ 2ರಂದು ನೆವಾಡಾದಲ್ಲಿ ಅಂಥದ್ದೇ ಒಂದು ಪ್ರಯೋಗ ಮಾಡಿತ್ತು.

ಸಮುದ್ರದಲ್ಲಿ ಅಣುಬಾಂಬ್ ಅಲ್ಲದ ಸ್ಫೋಟ ಆದರೆ ಅಲೆ ಹೇಗಿರುತ್ತದೆ ಅನ್ನುವುದು ಮೂರು ವರ್ಷಕ್ಕೆ ಗೊತ್ತಾಯಿತು. 2000ದ ಆಗಸ್ಟ್ 12ರಂದು ಪಕ್ಕದ ಬ್ಯಾರೆಂಟ್ಸ್ ಸಮುದ್ರದಲ್ಲಿ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿ ಮುಳುಗಿತು. ಒಳಗಿದ್ದ 118 ಮಂದಿಯೂ ಸತ್ತರು. ನಾರ್ವೆಯ ಉಪಕರಣಗಳಲ್ಲಿ ಎರಡು ಸಿಡಿತ ದಾಖಲಾಗಿದ್ದವು. ಮೊದಲನೆಯದು ಚಿಕ್ಕದು. ಎರಡೂಕಾಲು ನಿಮಿಷ ಬಿಟ್ಟು ಎರಡನೆಯದು, ತೀವ್ರತೆ ಮತ್ತೆ ಸುಮಾರು 3.5. ನೀರೊಳಗೆ ಸಿಡಿದದ್ದರಿಂದ ಕೆಲವೇ ಟನ್ ಸ್ಫೋಟಕ ಸಾಕಾಗಿತ್ತು. ನೀರಲ್ಲಿ ಸಿಡಿದಾಗ ಅನಿಲದ ದೊಡ್ಡ ಗುಳ್ಳೆ ಉಬ್ಬುತ್ತದೆ, ನೀರಿನ ಒತ್ತಡಕ್ಕೆ ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ. ನೂರಾರು ಕಿಲೋಮೀಟರ್ ದೂರದ ಗೀಟಿನಲ್ಲೂ ಆ ಗುಳ್ಳೆಯ ಏರಿಳಿತ ಸಮನಾದ ಅಂತರದಲ್ಲಿ ಮೂಡಿತ್ತು.